40 ಬಲ್ಬಿನ ಪೆಟ್ಟಿಗೆಗೆ ಬೈನಾಮಿಯಲ್ಲೋ, ಜಿಯೊಮೆಟ್ರಿಕ್ಕೋ?

40 ಬಲ್ಬುಗಳಲ್ಲಿ 5% ಕೆಟ್ಟಿವೆ, ನೋಡದೆ 10 ತೆಗೆದರೆ ಸರಿಯಾಗಿ 2 ಕೆಟ್ಟವು ಸಿಗುವ ಸಂಭವನೀಯತೆಗೆ ಯಾವ ಸೂತ್ರ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಸೂತ್ರ ಹುಡುಕುವ ಮುಂಚೆ ಕೇಳಿಕೊಳ್ಳಬೇಕಾದದ್ದು ಒಂದೇ: ತೆಗೆದ ಬಲ್ಬನ್ನು ವಾಪಸ್ ಇಡುತ್ತೀರಾ?

ಬೈನಾಮಿಯಲ್ ಎಂದರೆ ಇಂತಿಷ್ಟು ಸಲ ತೆಗೆದಾಗ ಎಷ್ಟು ಕೆಟ್ಟವು ಸಿಗಬಹುದೆಂದು ಲೆಕ್ಕ ಹಾಕುವ ಸೂತ್ರ. ಅದಕ್ಕೆ ಪ್ರತಿ ಸಲವೂ ಸಂಭವನೀಯತೆ ಅಷ್ಟೇ ಇರಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಕೆಟ್ಟಿರುವುದೇ 2. ಮೊದಲ ಸಲ 2/40, ಅಂದರೆ 0.05. ಅದು ಕೆಟ್ಟದ್ದೇ ಬಂದರೆ ಮುಂದಿನದಕ್ಕೆ 1/39, ಸುಮಾರು 0.026, ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಇದನ್ನು ಲೆಕ್ಕಿಸದೆ 45 × 0.05² × 0.95⁸ ಎಂದು (45 ಅಂದರೆ 10ರಲ್ಲಿ ಎರಡನ್ನು ಆರಿಸುವ ಬಗೆಗಳು) ಗುಣಿಸಿದರೆ 0.0746 ಬರುತ್ತದೆ. ಸರಿಯಾದ ಉತ್ತರ 0.0577. 40ರಲ್ಲಿ ಎರಡನ್ನು ಆರಿಸುವ 780 ಜೋಡಿಗಳಲ್ಲಿ ನಿಮ್ಮ 10ರೊಳಗೆ ಬೀಳುವವು 45, 45/780, ಅಷ್ಟೇ. ವಾಪಸ್ ಇಡದೆ ತೆಗೆಯುವಾಗಿನ ಈ ಸೂತ್ರವೇ ಹೈಪರ್‌ಜಿಯೊಮೆಟ್ರಿಕ್. ಇನ್ನೂ ಅನುಮಾನವಿದ್ದರೆ ಅದೇ ಬೈನಾಮಿಯಲ್‌ನಲ್ಲಿ 3 ಅಥವಾ ಹೆಚ್ಚು ಕೆಟ್ಟವು ಸಿಗುವುದನ್ನು ಲೆಕ್ಕ ಹಾಕಿ: 0.0115 ಕೊಡುತ್ತದೆ. ಇಲ್ಲದ ಮೂರನೇ ಬಲ್ಬು ಎಲ್ಲಿಂದ ಬರಬೇಕು?

ಹಾಗಂತ ಬೈನಾಮಿಯಲ್ ಬಿಸಾಡಬೇಡಿ. ತೆಗೆಯುವುದು ಒಟ್ಟು ಸರಕಿನ 10% ಮೀರದಿದ್ದರೆ ಸಾಮಾನ್ಯವಾಗಿ ಧೈರ್ಯವಾಗಿ ಬಳಸಬಹುದು. 4000 ಬಲ್ಬು, 200 ಕೆಟ್ಟವು ಇದ್ದಿದ್ದರೆ ಎರಡೂ ಸೂತ್ರ 0.075ರ ಹತ್ತಿರವೇ ನಿಲ್ಲುತ್ತವೆ. ನೀವು ತೆಗೆಯುತ್ತಿರುವುದು 25%. ಪ್ರಶ್ನೆಯಲ್ಲಿ 5% ಎಂಬ ಶೇಕಡಾವಾರು ಮಾತ್ರ ಕೊಟ್ಟು ಒಟ್ಟು ಸಂಖ್ಯೆ ಮುಚ್ಚಿಡುವ ಅಭ್ಯಾಸ ಪುಸ್ತಕಗಳಲ್ಲಿದೆ. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ.

ಎಷ್ಟು ತೆಗೆಯಬೇಕೆಂದು ಮೊದಲೇ ನಿಗದಿ ಮಾಡದೆ, ಮೊದಲ ಕೆಟ್ಟದ್ದು ಸಿಗುವವರೆಗೆ ತೆಗೆಯುತ್ತಾ ಹೋದರೆ ಮಾತ್ರ ಜಿಯೊಮೆಟ್ರಿಕ್. ದೊಡ್ಡ ಸರಕಿನಲ್ಲಿ ಅದು ನಾಲ್ಕನೆಯದಾಗುವ ಸಂಭವನೀಯತೆ 0.95³ × 0.05, ಅಂದರೆ 0.0429. ಮೊದಲ ಕೆಟ್ಟದ್ದು ಸಿಗಲು ತೆಗೆಯಬೇಕಾದದ್ದು ಸರಾಸರಿ 1/0.05, ಅಂದರೆ 20. ಆದರೆ 20 ತೆಗೆದರೆ ಒಂದು ಸಿಕ್ಕೇ ಸಿಗುತ್ತದೆಂದು ಬಗೆಯಬೇಡಿ. ಒಂದೂ ಸಿಗದಿರುವ ಸಂಭವನೀಯತೆ 0.95²⁰, ಹತ್ತಿರಹತ್ತಿರ 36%.

ಕಂಪ್ಯೂಟರಿನಲ್ಲಿ ಮಾಡುವಾಗ ಹುಷಾರು. ಆರ್ ಭಾಷೆಯ ಜಿಯೊಮೆಟ್ರಿಕ್ ಫಂಕ್ಷನ್ ಎಣಿಸುವುದು ಕೆಟ್ಟದ್ದಕ್ಕೆ ಮುಂಚೆ ಬಂದ ಒಳ್ಳೆಯವನ್ನು, ಹಾಗಾಗಿ ನಾಲ್ಕನೆಯದು ಕೆಟ್ಟದ್ದಾಗುವುದಕ್ಕೆ ಅಲ್ಲಿ 3 ಕೊಡಿ. ಪೈಥಾನ್ ಭಾಷೆಯ ಸೈಪೈ ಎಂಬ ಲೈಬ್ರರಿ ಒಟ್ಟು ತೆಗೆದದ್ದನ್ನು ಎಣಿಸುತ್ತದೆ, ಅಲ್ಲಿ 4.