ಓದುಗರ ಪ್ರಶ್ನೆ: ಗಾಯದ ಕಲೆಗೆ ಯಾವ ಮುಲಾಮು?

ಪ್ರಶ್ನೆ: ಸಿಸೇರಿಯನ್ ಆಗಿ ಎರಡು ತಿಂಗಳು. ಹೊಲಿಗೆಯ ಗೆರೆ ಕೆಂಪಾಗಿ ಉಬ್ಬುತ್ತಿದೆ, ತುರಿಕೆ ಬೇರೆ. ಮೂರು ವಾರ ಸಿಲಿಕೋನ್ ಜೆಲ್ ಹಚ್ಚಿದೆ, ಏನೂ ಗೊತ್ತಾಗಲಿಲ್ಲ. ಸಿಲಿಕೋನ್ ಶೀಟ್ (ಅಂಟಿಸುವ ಹಾಳೆ) ಹಾಕಿದರೆ ಬೆವರಿಗೆ ಕಿತ್ತು ಬರುತ್ತದೆ. (ರಾಯಚೂರು)

ಉತ್ತರ: ಮೂರು ವಾರಕ್ಕೇ ಕೈಬಿಡಬೇಡಿ. ಗೆರೆ ಮೆತ್ತಗಾಗಿ ಬಣ್ಣ ಇಳಿಯಲು ವರ್ಷ, ಒಂದೂವರೆ ವರ್ಷ ಹಿಡಿಯುವುದುಂಟು. ಸಿಲಿಕೋನ್ ಕೆಲಸ ಮಾಡಿದೆಯೋ ಇಲ್ಲವೋ ಎಂದು ಹೇಳಲು ಕನಿಷ್ಠ 3 ತಿಂಗಳಾದರೂ ಬೇಕು. ಅದು ಚರ್ಮದೊಳಗೆ ಇಳಿಯುವ ಔಷಧವಲ್ಲ. ಹೊಸ ಚರ್ಮದಿಂದ ನೀರು ಆರಿಹೋಗದಂತೆ ಮೇಲೊಂದು ಪದರ ಕಟ್ಟುತ್ತದೆ, ಅಷ್ಟೇ. ತೇವ ಉಳಿದರೆ ಒಳಗೆ ಕೊಲಾಜನ್ (ಗಾಯ ತುಂಬುವ ನಾರಿನಂಥ ಪ್ರೋಟೀನ್) ಉತ್ಪಾದನೆ ತಗ್ಗುತ್ತದೆ, ಉಬ್ಬು ಇಳಿಯುತ್ತದೆ. ಹಾಲುಣಿಸುವವರೂ ಹಚ್ಚಬಹುದು.

ಹೆಚ್ಚಿನವರು ಎಡವುವುದು ಪ್ರಮಾಣದಲ್ಲಿ. ಇಡೀ ಗೆರೆಗೆ ಅಕ್ಕಿಕಾಳಿನಷ್ಟು ಎರಡು ಚುಕ್ಕೆ ಸಾಕು. ತೊಳೆದು, ಪೂರ್ತಿ ಒಣಗಿಸಿ, ತೆಳ್ಳಗೆ ಎಳೆದು, ನಾಲ್ಕೈದು ನಿಮಿಷ ಹಾಗೇ ಬಿಡಿ. ಆಮೇಲೂ ಬೆರಳಿಗೆ ಅಂಟಿದರೆ ಹೆಚ್ಚಾಗಿದೆ ಎಂದರ್ಥ, ಒರೆಸಿ ತೆಗೆಯಿರಿ. ಇಲ್ಲವಾದರೆ ಒಳಉಡುಪಿನ ಇಲಾಸ್ಟಿಕ್ ಸರಿಯಾಗಿ ಆ ಗೆರೆಯ ಮೇಲೇ ಕೂತು ದುಬಾರಿ ಜೆಲ್ಲನ್ನೆಲ್ಲ ಬಟ್ಟೆಗೆ ಬಳಿದುಬಿಡುತ್ತದೆ. ಸೊಂಟದ ಮೇಲೆ ನಿಲ್ಲುವ, ಅಗಲ ಪಟ್ಟಿಯ ಹತ್ತಿ ಉಡುಪು ಹಾಕಿ. ಕೆಳಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಜೆಲ್ಲೂ ಹಿಡಿಯದು, ಶೀಟೂ ಹಿಡಿಯದು.

ನಿಮ್ಮೂರಿನ ಸೆಕೆಗೆ ಹಗಲು ಜೆಲ್, ರಾತ್ರಿ ಫ್ಯಾನಿನ ಕೆಳಗೆ ಶೀಟ್ ಒಳ್ಳೆಯದು. ಶೀಟನ್ನು ಮೊದಲ ದಿನ 4 ಗಂಟೆ ಇಟ್ಟು, ಕ್ರಮೇಣ 12 ಗಂಟೆಗೆ ಒಯ್ಯಿರಿ. ದಿನವೂ ಸೌಮ್ಯ ಸೋಪಿನಲ್ಲಿ ತೊಳೆದು ಗಾಳಿಗೆ ಆರಲು ಬಿಡಿ. ಟವೆಲ್‌ನಲ್ಲಿ ಒರೆಸಿದರೆ ನೂಲೆಳೆ ಹತ್ತಿಕೊಂಡು ಅಂಟೇ ಹೋಗುತ್ತದೆ. ಬೆವರುಸಾಲೆ ಎದ್ದರೆ ಎರಡು ಮೂರು ದಿನ ನಿಲ್ಲಿಸಿ.

ಜೆಲ್ ಹಚ್ಚುವ ಮುಂಚೆ ದಿನಕ್ಕೆರಡು ಸಲ, ಐದೈದು ನಿಮಿಷ ಬೆರಳ ತುದಿಯಿಂದ ಗೆರೆಯನ್ನು ಒತ್ತಿ ಉಜ್ಜಿ. ಒತ್ತಿದ ಕಡೆ ಕೆಂಪು ಮಾಯವಾಗಿ ಬಿಳಿಚಬೇಕು, ಅಷ್ಟು ಒತ್ತಡ. ಎಲ್ಲಾದರೂ ಗಾಯ ಇನ್ನೂ ಬಾಯಿ ಬಿಟ್ಟಿದ್ದರೆ, ಕೀವು ಕಂಡರೆ ಇದ್ಯಾವುದೂ ಬೇಡ, ಮೊದಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಬೈಕಿನ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತ್ತು. ಆರು ತಿಂಗಳಾದರೂ ಕಪ್ಪು ಹೋಗಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟ ಬಿಳಿ ಮಾಡುವ ಕ್ರೀಮ್ ಹಚ್ಚಲೇ? ಮನೆಯಲ್ಲಿ ನಿಂಬೆರಸ ಅನ್ನುತ್ತಾರೆ. (ದಾವಣಗೆರೆ)

ಉತ್ತರ: ಕಣ್ಣು ಮುಚ್ಚಿ ಬೆರಳಾಡಿಸಿ. ಕಪ್ಪು ಜಾಗವೂ ಸುತ್ತಲಿನ ಚರ್ಮವೂ ಒಂದೇ ತರ ನುಣುಪಾಗಿದ್ದರೆ ಅದು ಬರೀ ಬಣ್ಣ, ಸಿಲಿಕೋನ್ ಹಚ್ಚಿದರೆ ದುಡ್ಡು ದಂಡ. ಗಟ್ಟಿಯಾಗಿ ಉಬ್ಬಿದ್ದರೆ, ಇಲ್ಲವೇ ಹೊಳಪಾಗಿ ಸುಕ್ಕುಗಟ್ಟಿದ್ದರೆ ಮಾತ್ರ ನಿಜವಾದ ಗಾಯದ ಕಲೆ.

ಕ್ರೀಮಿನ ಕೊಳವೆಯ (ಟ್ಯೂಬ್) ಮೇಲಿನ ಹೆಸರುಗಳನ್ನು ಓದಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಅಥವಾ ಫ್ಲುವೊಸಿನೊಲೋನ್ ಇದ್ದರೆ ಅದು ಸ್ಟೆರಾಯ್ಡ್ ಬೆರೆತ ಮಿಶ್ರಣ. ವೈದ್ಯರು ಕೆಲವು ವಾರಗಳ ಲೆಕ್ಕದಲ್ಲಿ ಬರೆಯುವ ಔಷಧವದು, ಚೀಟಿಯಿಲ್ಲದೆ ಕೊಟ್ಟದ್ದೇ ತಪ್ಪು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ.

ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಗುಳ್ಳೆಯೆದ್ದು ಇನ್ನಷ್ಟು ಕಪ್ಪಾಗುವ ಅಪಾಯವಿದೆ. ಅದರ ಬದಲು 15 ಅಥವಾ 20 ಶೇಕಡಾ ಅಜೆಲಾಯಿಕ್ ಆಸಿಡ್ ಇರುವ ಜೆಲ್ ಅಥವಾ ಕ್ರೀಮನ್ನು ಮೊದಲ ಎರಡು ವಾರ ದಿನ ಬಿಟ್ಟು ದಿನ ರಾತ್ರಿ ಹಚ್ಚಿ, ಆಮೇಲೆ ದಿನವೂ. ಸ್ವಲ್ಪ ಚುರುಗುಟ್ಟುವುದು ಸಹಜ, ಕೆಂಪಗೆ ಸಿಪ್ಪೆ ಸುಲಿದರೆ ನಿಲ್ಲಿಸಿ. ಚಡ್ಡಿ ಹಾಕಿ ಹೊರಗೆ ಹೋಗುವಾಗ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಬೇಕು, ಪ್ಯಾಂಟ್ ಹಾಕಿದರೆ ಆ ಖರ್ಚೂ ಇಲ್ಲ. ಕಾಲಿನ ಕಪ್ಪು ಹೋಗುವುದು ಮುಖದ್ದಕ್ಕಿಂತ ನಿಧಾನ.

ಪ್ರಶ್ನೆ: ಮಗಳಿಗೆ ಕಿವಿ ಚುಚ್ಚಿಸಿದ ಕಡೆ ಗಂಟಾಗಿ ಬೆಳೆಯುತ್ತಲೇ ಇದೆ. ಯಾವ ಕ್ರೀಮ್? (ಶಿರಸಿ)

ಉತ್ತರ: ಯಾವುದೂ ಇಲ್ಲ. ಗಾಯದ ಅಂಚು ದಾಟಿ ಬೆಳೆಯುವುದು ಕೀಲಾಯ್ಡ್ ಎಂಬ ಉಬ್ಬುಕಲೆಯ ಲಕ್ಷಣ. ಚರ್ಮವೈದ್ಯರು ಗಂಟಿನೊಳಕ್ಕೇ ಟ್ರಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ ಚುಚ್ಚುತ್ತಾರೆ, ಸುಮಾರು ನಾಲ್ಕು ವಾರಕ್ಕೊಮ್ಮೆ, ಹಲವು ಸಲ. ಬರೀ ಕೊಯ್ದು ತೆಗೆಸಿದರೆ ಮತ್ತೆ ಬರುವುದೇ ಹೆಚ್ಚು, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಮೇಲ್ಕಿವಿ, ಮೂಗು ಚುಚ್ಚಿಸುವ ಯೋಚನೆಯನ್ನೂ ಕೈಬಿಡಿ.

ಪ್ರಶ್ನೆ: ವಿಟಮಿನ್ ಇ ಮಾತ್ರೆ ಒಡೆದು ಹಚ್ಚಬಹುದೇ? ಈರುಳ್ಳಿ ಸತ್ವದ ಜೆಲ್ ಹೇಗೆ? ಮೊಡವೆ ಬಿಟ್ಟುಹೋದ ಗುಳಿಗಳಿಗೆ ಏನು? (ಬೆಂಗಳೂರು)

ಉತ್ತರ: ವಿಟಮಿನ್ ಇ ಬೇಡ. ಕಲೆ ಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ, ಅಲರ್ಜಿಯಾಗಿ ತುರಿಕೆಯ ದದ್ದು ಏಳುವುದಂತೂ ಅಪರೂಪವಲ್ಲ. ಈರುಳ್ಳಿ ಸತ್ವದ ಪರೀಕ್ಷೆಗಳಲ್ಲಿ ಒಂದೊಂದರದು ಒಂದೊಂದು ಫಲಿತಾಂಶ. ಒಂದೇ ಕೊಳವೆಗೆ ದುಡ್ಡಿದ್ದರೆ ಸಿಲಿಕೋನ್ ಕೊಳ್ಳಿ. ಮೊಡವೆ ಬಿಟ್ಟುಹೋದ ಆಳದ ಗುಳಿಯನ್ನು ಯಾವ ಮುಲಾಮೂ ತುಂಬದು, ಅದಕ್ಕೆ ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಚಿಕಿತ್ಸೆ, ಲೇಸರ್ ಚಿಕಿತ್ಸೆಗಳಿವೆ. ಇನ್ನೂ ಮೊಡವೆ ಏಳುತ್ತಿದ್ದರೆ ರಾತ್ರಿ ಇಡೀ ಮುಖಕ್ಕೆ ಕಡಲೆಕಾಳಿನಷ್ಟು ಅಡಾಪಲೀನ್ ಜೆಲ್ (ಮೊಡವೆಯ ಔಷಧ) ಹಚ್ಚಿ, ಹೊಸ ಗುಳಿಗಳಾದರೂ ತಪ್ಪುತ್ತವೆ. ಗರ್ಭಿಣಿಯರಿಗೆ ಅದು ಸಲ್ಲದು.