ಪಡುಬಿದ್ರಿ ಬರುವ ಮೊದಲು ಅವನು ಏಳುವುದು ಯಾಕೆ?

ಈ ವಾರ ಬಂದ ಒಂದು ಪತ್ರವನ್ನು ನಾನು ಮೂರು ಸಲ ಓದಿದೆ. ಮೊದಲ ಸಲ ಖುಷಿಯಾಯಿತು. ಎರಡನೇ ಸಲ ಯಾಕೋ ಕಸಿವಿಸಿ. ಮೂರನೇ ಸಲ ಸಿಟ್ಟು ಬಂತು. ಅದರಲ್ಲಿ ಮೋಸ, ಹೊಡೆತ ಬಡಿತ ಅಂತ ಏನೂ ಇಲ್ಲ. ಒಬ್ಬ ಒಳ್ಳೆಯ ಹುಡುಗ, ಒಬ್ಬಳು ಒಳ್ಳೆಯ ಹುಡುಗಿ, ಒಂದು ಎಕ್ಸ್‌ಪ್ರೆಸ್ ಬಸ್ಸು.

ಹುಡುಗಿಗೆ 25 ವರ್ಷ. ಮನೆ ಪಡುಬಿದ್ರಿಗೂ ಉಡುಪಿಗೂ ನಡುವೆ ಎಲ್ಲೋ ಒಂದು ಕಡೆ. ಮಂಗಳೂರಿನಲ್ಲಿ ಎಂ.ಕಾಂ. ಓದುವಾಗ ಕ್ಲಾಸಿನಲ್ಲಿ ಈ ಹುಡುಗನ ಪರಿಚಯ. ಈಗ ಇಬ್ಬರಿಗೂ ಮಂಗಳೂರಿನಲ್ಲೇ ಕೆಲಸ, ಸಂಜೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಒಂದೇ ಬಸ್ಸು. ಅವನ ಮನೆ ಅವಳ ಸ್ಟಾಪಿನಿಂದ ಇನ್ನೂ ಮುಂದೆ. ನಾಲ್ಕು ವರ್ಷ ಆಯಿತು. ಜಾತಿ ಬೇರೆ. ಯಾವ್ಯಾವ ಜಾತಿ ಅಂತ ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ಅರ್ಧ ಓದುಗರು ಅಲ್ಲೇ ನಿಂತು ಲೆಕ್ಕ ಹಾಕಲು ಶುರು ಮಾಡುತ್ತೀರಿ, ನನಗೆ ಗೊತ್ತು. ಎರಡು ಮನೆಯಲ್ಲೂ ಮಾತು ತುಳು, ಎರಡು ಮನೆಯಲ್ಲೂ ದೈವಕ್ಕೆ ಕೋಲ, ಎರಡು ಮನೆಯಲ್ಲೂ ಭಾನುವಾರ ಕೋಳಿ ಸುಕ್ಕ.

ಅವನ ಅಮ್ಮನಿಗೆ ವಿಷಯ ಗೊತ್ತುಂಟು. ಅವಳ ಮನೆಯಲ್ಲಿ ಗೊತ್ತಿಲ್ಲ. ಮುಂಬಯಿಯಲ್ಲಿ ಹೋಟೆಲ್ ಇರುವ ಸೋದರಮಾವ ಇವಳ ಓದಿಗೆ ಫೀಸ್ ಕಟ್ಟಿದವರು. ಈಗ ಅವರೇ ದುಬೈಯ ಒಂದು ಸಂಬಂಧ ಹೇಳುತ್ತಿದ್ದಾರೆ. ಇವಳ ಪ್ರಶ್ನೆ ಎರಡು. "ನಮ್ಮಲ್ಲಿ ಜಗಳವೇ ಆಗುವುದಿಲ್ಲ ಮೇಡಂ, ಇದು ಪ್ರೀತಿಯೋ ಬರೀ ಅಭ್ಯಾಸವೋ?" ಅಂತ ಒಂದು. "ಮನೆಯಲ್ಲಿ ಹೇಳಲು ಸರಿಯಾದ ಸಮಯ ಯಾವುದು?" ಅಂತ ಇನ್ನೊಂದು.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಮಾರಾಯ್ತಿ, ಜಗಳ ಆಗುವುದಿಲ್ಲ ಅಂತ ತಲೆಬಿಸಿ ಮಾಡಿಕೊಂಡವಳನ್ನು ನಾನು ಈಗಲೇ ನೋಡಿದ್ದು. ಮುಂದೆ ಮನೆ ಬಾಡಿಗೆ, ಕರೆಂಟ್ ಬಿಲ್ಲು, ಎರಡೂ ಕಡೆಯ ಅಮ್ಮಂದಿರು ಎಲ್ಲ ಬರುತ್ತಾರೆ. ಆಗ ಬೇಕಾದಷ್ಟು ಆಗುತ್ತದೆ. ಈಗಲೇ ಅಡ್ವಾನ್ಸ್ ಕೊಡಬೇಕಾಗಿಲ್ಲ.

ಎರಡನೇ ಪ್ರಶ್ನೆಗೆ ಬರುವ ಮೊದಲು ನೀನೇ ಬರೆದ ಒಂದು ಸಾಲನ್ನು ಓದುತ್ತೇನೆ. ಅವನು ಎಷ್ಟು ಒಳ್ಳೆಯವನು ಅಂತ ಹೇಳಲು ನೀನು ಎರಡು ಪುಟ ಬರೆದಿದ್ದೀ. ನಿನಗೆ ಬಸ್ಸಿನಲ್ಲಿ ವಾಂತಿ ಬರುತ್ತದೆ ಅಂತ ಅವನ ಬ್ಯಾಗಿನಲ್ಲಿ ಯಾವಾಗಲೂ ಒಂದು ನಿಂಬೆಹಣ್ಣು, ಒಂದು ಪ್ಲಾಸ್ಟಿಕ್ ಕವರು. ಕಿಟಕಿ ಪಕ್ಕದ ಸೀಟು ನಿನಗೆ. ನಿನ್ನ ಸಂಬಳ ಅವನಿಗಿಂತ ಎರಡು ಸಾವಿರ ಜಾಸ್ತಿ, ಅದನ್ನು ಅವನೇ ಎಲ್ಲರಿಗೂ ಹೇಳಿಕೊಂಡು ಬರುತ್ತಾನೆ. ಒಳ್ಳೆಯದು. ಈ ಎಲ್ಲದರ ನಡುವೆ, ಬ್ರಾಕೆಟ್ಟಿನಲ್ಲಿ ಹಾಕಿದ ಹಾಗೆ, ಹೀಗೆ ಬರೆದಿದ್ದೀ: "ಪಡುಬಿದ್ರಿಯಲ್ಲಿ ನಮ್ಮೂರಿನವರು ಹತ್ತುತ್ತಾರೆ ಅಂತ ಅವನು ಅಷ್ಟರೊಳಗೆ ಎದ್ದು ಹಿಂದಿನ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ. ನಾನು ಇಳಿದ ಮೇಲೆ ಬಂದು ನನ್ನ ಸೀಟಿನಲ್ಲಿ ಕೂರುತ್ತಾನೆ. ಒಂದು ದಿನವೂ ಬೇಜಾರು ಮಾಡಿಕೊಂಡಿಲ್ಲ."

ನನಗೆ ಸಿಟ್ಟು ಬಂದದ್ದು ಇಲ್ಲಿ.

ಮೂವತ್ತು ವರ್ಷ ಕಾಲೇಜಿಗೆ ಅಂತ ಇದೇ ರೂಟಿನಲ್ಲಿ ಓಡಾಡಿದವಳು ನಾನು. ಪಡುಬಿದ್ರಿ ಆದ ಮೇಲೆ ಎರ್ಮಾಳು, ಉಚ್ಚಿಲ, ಮೂಳೂರು, ಕಾಪು. ಆ ಹೊತ್ತಿಗೆ ಬಸ್ಸು ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಕಂಡಕ್ಟರ್ "ಪಿರ ಪೋಲೆ, ಪಿರ ಪೋಲೆ" ಅಂತ ಎಲ್ಲರನ್ನೂ ಹಿಂದೆ ಹಿಂದೆ ತಳ್ಳುತ್ತಾ ಇರುತ್ತಾನೆ. ಮೀನಿನ ಬುಟ್ಟಿ, ಒದ್ದೆ ಕೊಡೆ, ಶಾಲೆ ಮಕ್ಕಳ ಬ್ಯಾಗು. ಇಡೀ ದಿನ ದುಡಿದು ಬಂದ ಹುಡುಗ, ಟಿಕೆಟಿಗೆ ದುಡ್ಡು ಕೊಟ್ಟು ಕೂತ ಸೀಟು ಬಿಟ್ಟು, ನಿಂಬೆಹಣ್ಣನ್ನು ನಿನ್ನ ಕೈಗೆ ಕೊಟ್ಟು, ಆ ಗುಂಪಿನಲ್ಲಿ ಕಂಬಿ ಹಿಡಿದು ನಿಲ್ಲುತ್ತಾನೆ. ನೀನು ಇಳಿಯುವಾಗ ನಿನ್ನ ಕಡೆ ನೋಡುವ ಹಾಗೂ ಇಲ್ಲ. ಪರಿಚಯ ಇಲ್ಲದವನ ಹಾಗೆ ಇರಬೇಕು.

1997ರಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಎರಡಾಯಿತು. ಮೂಲ್ಕಿಯಲ್ಲಿ ಶಾಂಭವಿ ಹೊಳೆ ದಾಟಿದರೆ ಹೆಜಮಾಡಿ, ಅಲ್ಲಿಂದ ಉಡುಪಿ ಜಿಲ್ಲೆ. ನಿನ್ನ ಲೆಕ್ಕದಲ್ಲಿ ಈ ಹುಡುಗ ದಕ್ಷಿಣ ಕನ್ನಡ ಜಿಲ್ಲೆಗೆ ಮಾತ್ರ ಸೇರಿದವನು. ಹೊಳೆ ದಾಟಿ ಸ್ವಲ್ಪ ಹೊತ್ತಿಗೆ ಅವನು ಯಾರೋ, ನೀನು ಯಾರೋ.

ಅವನು ಬೇಜಾರು ಮಾಡಿಕೊಂಡಿಲ್ಲ ಅಂದೆ. ಕೇಳಿದ್ದೀಯಾ? ಬೇಜಾರಾಗದಿರುವುದು ಬೇರೆ, ಹೇಳದಿರುವುದು ಬೇರೆ. ಅವನಿಗೂ ನನ್ನ ಒಂದು ಮಾತು ಮುಟ್ಟಿಸು. ಇಷ್ಟು ಒಳ್ಳೆಯವನಾಗುವುದು ಒಳ್ಳೆಯದಲ್ಲ ತಮ್ಮಾ. ನಾಲ್ಕು ವರ್ಷದಲ್ಲಿ ಒಂದು ಸಲವಾದರೂ "ಇವತ್ತು ಕಾಲು ನೋಯುತ್ತಿದೆ, ಏಳುವುದಿಲ್ಲ" ಅಂತ ಹೇಳಬಹುದಿತ್ತು.

ನೀನು ಅವನನ್ನು ಮದುವೆಯಾಗುವ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ ಅಂತಲೂ ಬರೆದಿದ್ದೀ. ಅದನ್ನು ನಾನು ನಂಬುವುದಿಲ್ಲ. ಯಾಕೆ ಹೇಳಲಾ? ಅವನ ಅಮ್ಮನ ಬರಿ ಯಾವುದು, ನಿನ್ನ ಬರಿ ಯಾವುದು, ಎರಡೂ ಬೇರೆ ಬೇರೆ ಅಂತ ಎರಡನೇ ಸೆಮಿಸ್ಟರಿನಲ್ಲೇ ವಿಚಾರಿಸಿ ಇಟ್ಟಿದ್ದೀ. ನಮ್ಮ ಕಡೆಯವರಲ್ಲದ ಓದುಗರಿಗೆ ಹೇಳುತ್ತೇನೆ: ಬರಿ ಅಥವಾ ಬಳಿ ಅಂದರೆ ತಾಯಿಯ ಕಡೆಯಿಂದ ಬರುವ ಕುಲದ ಹೆಸರು, ಒಂದೇ ಬರಿಯವರು ಅಣ್ಣ ತಂಗಿ ಲೆಕ್ಕ, ಮದುವೆ ಇಲ್ಲ. ಜಾತಿಯೇ ಬೇರೆ ಇರುವಾಗಲೂ ಬರಿ ಕೇಳಿದವಳು ಮದುವೆಯ ಚಪ್ಪರದವರೆಗೆ ಯೋಚನೆ ಮಾಡಿದ್ದಾಳೆ ಅಂತಲೇ ಅರ್ಥ. ಮನಸ್ಸು ಮಾಡಿ ಆಗಿದೆ ನಿನ್ನದು. ಬಾಯಿ ಮಾತ್ರ ಬಾಕಿ.

ಅವನ ಅಮ್ಮನ ವಿಷಯ ಇನ್ನೊಂದು. ಆಟಿ ತಿಂಗಳಲ್ಲಿ, ಅಂದರೆ ನಮ್ಮ ತುಳುವರ ಆಷಾಢದಲ್ಲಿ, ಪತ್ರೊಡೆ ಮಾಡಿ ಸ್ಟೀಲ್ ಡಬ್ಬಿಯಲ್ಲಿ ನಿನಗೆ ಕಳಿಸುತ್ತಾರೆ. ನೀನು ಆಫೀಸಿನಲ್ಲೇ ತಿಂದು, ಅಲ್ಲೇ ಡಬ್ಬಿ ತೊಳೆದು ವಾಪಸ್ ಕೊಡುತ್ತೀ. ಖಾಲಿ ಡಬ್ಬಿ. ನಮ್ಮ ಊರಿನಲ್ಲಿ ಯಾರಾದರೂ ಕೊಟ್ಟ ಪಾತ್ರೆಯನ್ನು ಖಾಲಿ ಕೊಡುತ್ತೇವಾ? ಒಂದು ಉಂಡೆ ಬೆಲ್ಲವೋ, ತೋಟದ ನಾಲ್ಕು ಬಾಳೆಹಣ್ಣೋ ಹಾಕಿ ಕೊಡುವುದು ಕ್ರಮ. ನಿನಗೆ ಕ್ರಮ ಗೊತ್ತಿಲ್ಲ ಅಂತಲ್ಲ. ಡಬ್ಬಿಯನ್ನು ಮನೆಗೆ ತೆಗೆದುಕೊಂಡು ಹೋದರೆ "ಇದು ಯಾರದ್ದು?" ಅಂತ ಅಮ್ಮ ಕೇಳುತ್ತಾರೆ. ಆ ಹೆಂಗಸು ಎರಡು ವರ್ಷದಿಂದ ಖಾಲಿ ಡಬ್ಬಿ ತೆರೆದು ನೋಡಿ ಸುಮ್ಮನಿದ್ದಾರೆ. ಅವರಿಗೆ ಎಲ್ಲ ಅರ್ಥವಾಗಿದೆ.

ಈಗ ಸಮಯದ ಪ್ರಶ್ನೆ. ನಿನ್ನ ಪತ್ರದಲ್ಲಿ ಒಬ್ಬಳು ದೊಡ್ಡಮ್ಮನ ಮಗಳು ಬರುತ್ತಾಳೆ. ಎಲ್ಲ ಗೊತ್ತಿರುವ ಅಕ್ಕ. "ನೀನು ಬಾಯಿ ಬಿಡಬೇಡ, ಸಮಯ ನೋಡಿ ನಾನೇ ಚಿಕ್ಕಪ್ಪನಿಗೆ ಹೇಳ್ತೇನೆ" ಅಂತ ಹೇಳಿ ಒಂದೂವರೆ ವರ್ಷವಾಯಿತು. ಮೊದಲು ಆಟಿ ಕಳೆಯಲಿ ಅಂದಳು. ಆಮೇಲೆ ಚೌತಿ ಕಳೆಯಲಿ, ದೀಪಾವಳಿ ಕಳೆಯಲಿ. ಆಮೇಲೆ ಮನೆಯ ಕೋಲ ಮುಗಿಯಲಿ. ಮತ್ತೆ ಆಟಿ ಬಂತು. ಉಡುಪಿ ಕೃಷ್ಣಮಠದ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ ಸರಿಯಾಗಿ ಬರುತ್ತದೆ. ನಿನ್ನ ಅಕ್ಕನ ಸಮಯ ಅದಕ್ಕಿಂತಲೂ ನಿಧಾನ.

ನೀನು ಮಾವನನ್ನು ದೂರಿದ್ದೀ. ನಾನು ಈ ಅಕ್ಕನನ್ನು ದೂರುತ್ತೇನೆ. ಮಾವನಿಗೆ ವಿಷಯವೇ ಗೊತ್ತಿಲ್ಲ ಪಾಪ, ತಂಗಿಯ ಮಗಳಿಗೆ ಒಳ್ಳೆಯದಾಗಲಿ ಅಂತ ಗಂಡು ನೋಡುತ್ತಿದ್ದಾರೆ. ಅಕ್ಕನಿಗೆ ಎಲ್ಲ ಗೊತ್ತು. ನಿನ್ನ ಗುಟ್ಟು ಅವಳ ಕೈಯಲ್ಲಿರುವಷ್ಟು ದಿನ ನೀನು ಅವಳ ಮಗುವನ್ನು ನೋಡಿಕೊಳ್ಳುತ್ತೀ, ಅವಳ ಎಲ್‌ಐಸಿ ಕಟ್ಟಲು ಹೋಗುತ್ತೀ, ಅವಳು ಕರೆದಾಗ ರಜೆ ಹಾಕುತ್ತೀ. ಇದನ್ನೆಲ್ಲ "ಅಕ್ಕ ನನಗೆ ತುಂಬ ಸಪೋರ್ಟ್" ಅನ್ನುವ ಪ್ಯಾರಾದಲ್ಲೇ ನೀನು ಬರೆದಿದ್ದೀ. ಮತ್ತೊಮ್ಮೆ ಓದಿ ನೋಡು.

ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು. ಮನೆಯ ವಿಷಯ ಮನೆಯವರಿಗೆ ಮೂರನೆಯವರ ಬಾಯಿಂದ ತಿಳಿಯಬಾರದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳ ತಂದೆಗೆ ಅವಳ ವಿಷಯ ಗೊತ್ತಾದದ್ದು ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಉಪ್ಪಿನಕಾಯಿ ಬಡಿಸುತ್ತಿದ್ದವನು ಬಗ್ಗಿ, "ಮುಂದಿನ ಊಟ ನಿಮ್ಮ ಮಗಳದ್ದಾ? ಹುಡುಗ ಒಳ್ಳೆಯವನಂತೆ" ಅಂದ. ಅವರು ಎಲೆ ಮಡಚಿ ಎದ್ದರು. ಅನ್ನಕ್ಕೆ ಸಾರು ಬಿದ್ದಿತ್ತಷ್ಟೆ. ಆ ತಂದೆಗೆ ಹುಡುಗನ ಬಗ್ಗೆ ಏನೂ ಆಕ್ಷೇಪ ಇರಲಿಲ್ಲ. ಉಪ್ಪಿನಕಾಯಿಯವನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲವಲ್ಲ ಅಂತ ಎಂಟು ತಿಂಗಳು ಮಗಳ ಹತ್ತಿರ ಮಾತು ಬಿಟ್ಟರು.

ನಿನ್ನ ವಿಷಯ ಯಾರಿಗೂ ಗೊತ್ತಿಲ್ಲ ಅಂತ ತಿಳಿದಿದ್ದೀಯಾ? ಭಾನುವಾರ ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ ತಣ್ಣೀರುಬಾವಿ ಬೀಚಿಗೆ ಹೋಗುತ್ತೇವೆ, ಅಲ್ಲಿ ಗುರುತಿನವರು ಯಾರೂ ಇರುವುದಿಲ್ಲ ಅಂತ ಬರೆದದ್ದು ಓದಿ ನಕ್ಕುಬಿಟ್ಟೆ. ಭಾನುವಾರ ಸಂಜೆ ಅಲ್ಲಿ ಅರ್ಧ ಮಂಗಳೂರು ಚುರುಮುರಿ ತಿನ್ನುತ್ತಾ ಇರುತ್ತದೆ. ಇನ್ನು ಕಂಡಕ್ಟರ್. ಒಬ್ಬ ಹುಡುಗ ದಿನಾ ಪಡುಬಿದ್ರಿಗೆ ಮೊದಲು ಎದ್ದು, ನೀನು ಇಳಿದ ಕೂಡಲೇ ಅದೇ ಸೀಟಿಗೆ ಬಂದು ಕೂರುವುದನ್ನು ಅವನು ನೋಡದೆ ಇರುತ್ತಾನಾ? ಕೂತೇ ಇದ್ದಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಎದ್ದು ಎದ್ದೇ ಸುದ್ದಿಯಾಗಿದ್ದೀರಿ.

ಮಾವನ ಬಗ್ಗೆ ನಿನಗೆ ಹೆದರಿಕೆ. ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿದ್ದ ಅಳಿಯಸಂತಾನದ ಕಾಲದಲ್ಲಿ ಮನೆಯ ಯಜಮಾನಿಕೆ ಮಾವಂದಿರದ್ದೇ, ಅವರ ಮಾತೇ ಕೊನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ಲೆಕ್ಕ ಬದಲಾಯಿತು. ಮದುವೆಯ ವಿಷಯದಲ್ಲಿ ಕೆಲವು ಮಾವಂದಿರಿಗೆ ಆ ಸುದ್ದಿ ಇನ್ನೂ ಮುಟ್ಟಿದ ಹಾಗಿಲ್ಲ. ಇರಲಿ. ಅವರು ಫೀಸ್ ಕಟ್ಟಿದ್ದು ದೊಡ್ಡ ಉಪಕಾರ, ಮರೆಯಬೇಡ. ಬೇಕಾದರೆ ತಿಂಗಳಿಗೆ ಇಷ್ಟು ಅಂತ ವಾಪಸ್ ಕೊಡು, ಅವರಿಗೆ ವಯಸ್ಸಾದಾಗ ಹೋಗಿ ನೋಡಿಕೋ. ದುಬೈ ಹುಡುಗನನ್ನು ಮದುವೆಯಾಗುವುದು ಆ ಸಾಲದ ಕಂತಲ್ಲ. ಆ ಹುಡುಗನಿಗೂ ಅದು ಅನ್ಯಾಯ ಅಲ್ವಾ?

ರಿಜಿಸ್ಟರ್ ಮದುವೆಯ ಬಗ್ಗೆ ಕೊನೆಗೆ ಸಣ್ಣ ಅಕ್ಷರದಲ್ಲಿ ಕೇಳಿದ್ದೀ. ಗೊತ್ತಿರಲಿ ಅಂತ ಹೇಳುತ್ತೇನೆ. ನೀವಿಬ್ಬರೂ ಹಿಂದೂಗಳು. 1955ರ ಹಿಂದೂ ವಿವಾಹ ಕಾಯ್ದೆಗೆ ಜಾತಿ ಬೇರೆ ಅನ್ನುವುದು ಅಡ್ಡಿಯಲ್ಲ, ಮದುವೆಯಾಗಿ ನೋಂದಣಿ ಮಾಡಿಸಬಹುದು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಾದರೆ 30 ದಿನದ ನೋಟಿಸ್, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಾರೆ, ಮೂರು ಸಾಕ್ಷಿ ಬೇಕು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ ಒಪ್ಪಿಗೆ ಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಮನೆಯಲ್ಲಿ ಜೀವಭಯ ಇರುವ ಹುಡುಗಿ ಬರೆದಿದ್ದರೆ ನಾನು ಈ ಕಾನೂನಿನಿಂದಲೇ ಶುರು ಮಾಡುತ್ತಿದ್ದೆ. ಮನೆಯಲ್ಲಿ ಹೇಳು ಅಂತ ಖಂಡಿತ ಹೇಳುತ್ತಿರಲಿಲ್ಲ. ನಿನ್ನ ಅಪ್ಪ ಹಾಗಲ್ಲ. ಮಾತು ಕಡಿಮೆ, ಒಂದು ದಿನವೂ ಕೈ ಎತ್ತಿದವರಲ್ಲ, ನೀನು ಬರುವವರೆಗೆ ಗೇಟಿನ ಲೈಟ್ ಆರಿಸುವುದಿಲ್ಲ ಅಂತ ನೀನೇ ಬರೆದಿದ್ದೀ. ಅಂಥವರಿಗೆ ನೋಟಿಸ್ ಬೋರ್ಡಿನಿಂದ ಗೊತ್ತಾಗುವುದು ಬೇಡ.

ಹಾಗಾದರೆ ಮಾಡಬೇಕಾದದ್ದು ಒಂದೇ. ಮುಂದಿನ ಸೋಮವಾರ ಸಂಜೆ ಅವನು ಪಡುಬಿದ್ರಿಯಲ್ಲಿ ಏಳಬಾರದು. ನಿನ್ನ ಪಕ್ಕದಲ್ಲೇ ಕೂತಿರಬೇಕು, ನೀನು ಇಳಿಯುವವರೆಗೆ. ನಿಮ್ಮೂರಿನವರು ಹತ್ತಲಿ, ನೋಡಲಿ, ಬೇಕಾದರೆ ಮಾತಾಡಿಸಲಿ.

ಹಾಗೆ ಆಗಬೇಕಾದರೆ ಭಾನುವಾರವೇ ಅಪ್ಪನಿಗೆ ಗೊತ್ತಿರಬೇಕಲ್ಲ? ಅದು ನಿನ್ನ ಜವಾಬ್ದಾರಿ. ಊಟಕ್ಕೆ ಕೂತಾಗ ಹೇಳಬೇಡ, ಅರ್ಧಕ್ಕೆ ಎದ್ದು ಹೋಗುತ್ತಾರೆ. ಸಂಜೆ ಅಪ್ಪ ತೋಟಕ್ಕೆ ನೀರು ಬಿಡುವಾಗ ಜೊತೆಗೆ ಹೋಗು. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ, ಪೈಪು ಹಿಡಿದುಕೊಂಡೇ ಕೇಳುತ್ತಾರೆ. ಹುಡುಗನ ಹೆಸರು, ಕೆಲಸ, ಮನೆ ಎಲ್ಲಿ, ಯಾವ ಜಾತಿ, ಎಲ್ಲ ಒಂದೇ ಸಲ ಹೇಳಿಬಿಡು. ಬರಿಯದ್ದೂ ಹೇಳು, ಕೇಳದೆ ಬಿಡುವುದಿಲ್ಲ. ಅವರು ಏನೂ ಹೇಳದೆ ಮುಂದಿನ ಮರದ ಬುಡಕ್ಕೆ ಹೋಗಬಹುದು. ಹೋಗಲಿ. ಹಿಂದೆಯೇ ಹೋಗಿ ನಿಂತುಕೋ. ಅಕ್ಕನಿಗೆ ಮಂಗಳವಾರ ಹೇಳಿದರೆ ಸಾಕು.

ಮತ್ತೆ ಸೋಮವಾರ ನಿಂಬೆಹಣ್ಣು ನೀನೇ ತೆಗೆದುಕೊಂಡು ಹೋಗು. ಆ ದಿನ ಅವನಿಗೂ ಬೇಕಾಗಬಹುದು.