ಶನಿವಾರ ಕರೆದಿದ್ದಾರಾ? ಹೋಗಿ ಬನ್ನಿ

ಸ್ವೀಡನ್ನಿಗೆ ಬಂದು ಇನ್ನೂ ಸರಿಯಾಗಿ ನೆಲೆ ನಿಂತಿಲ್ಲ, ಫೆಬ್ರವರಿ ಬಂದ ಕೂಡಲೇ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಹಾಡಿನ ಸ್ಪರ್ಧೆಯದೇ ಮಾತು ಎಂದಿರಿ. ಜೊತೆಗೆ ಕೆಲಸ ಮಾಡುವವರೊಬ್ಬರು ಶನಿವಾರ ರಾತ್ರಿ ಟೀವಿ ನೋಡಲು ಮನೆಗೇ ಕರೆದಿದ್ದಾರೆ. ಅದರಲ್ಲಿ ಅಂಥದ್ದೇನಿದೆ, ಹೋಗಲೇಬೇಕಾ ಅಂತ ನಿಮ್ಮ ಪ್ರಶ್ನೆ.

ಖಂಡಿತ ಹೋಗಿ. ಇಲ್ಲಿನ ಜನ ಒಳ್ಳೆಯವರು, ಆದರೆ ಮನೆಗೆ ಕರೆಯುವುದು ಕಡಿಮೆ. ಫೀಕಾ ಅನ್ನುವ ಕಾಫಿ ವಿರಾಮದಲ್ಲಿ ಕಾಫಿ ಕುಡಿಯುತ್ತಾ ವರ್ಷಗಟ್ಟಲೆ ಮಾತಾಡಿದವರ ಮನೆ ಬಾಗಿಲು ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ. ಈ ಹಾಡಿನ ಕಾಲದಲ್ಲಿ ಮಾತ್ರ ಆ ಬಾಗಿಲು ಸಲೀಸಾಗಿ ತೆರೆಯುತ್ತದೆ.

ಈಗ ನಡೆಯುತ್ತಿರುವುದು ಮೆಲೋಡಿಫೆಸ್ಟಿವಾಲೆನ್, ಸ್ವೀಡನ್ನಿನ ಹಾಡು ಆರಿಸುವ ಸ್ಪರ್ಧೆ. ಎಲ್ಲರೂ ಸುಮ್ನೆ ಮೆಲ್ಲೋ ಅನ್ನುತ್ತಾರೆ. ಸಂಜೆ ಬೇಗ ಕತ್ತಲಾಗುವ ದಿನಗಳಲ್ಲಿ ಶನಿವಾರದಿಂದ ಶನಿವಾರಕ್ಕೆ ಊರಿಂದ ಊರಿಗೆ ಹೋಗುತ್ತಾ ನಡೆಯುತ್ತದೆ. ಗೆದ್ದ ಹಾಡು ಮೇ ತಿಂಗಳಲ್ಲಿ ಯೂರೋಪಿನ ದೇಶಗಳ ಹಾಡಿನ ಸ್ಪರ್ಧೆಯಾದ ಯೂರೋವಿಷನ್‌ಗೆ ಹೋಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಹೃದಯದ ಗುರುತು ಒತ್ತಿದರೆ ವೋಟು, ದುಡ್ಡು ಕೊಡಬೇಕಿಲ್ಲ. ನನಗೆ ತುಂಬಾ ಇಷ್ಟವಾದದ್ದು ಎಣಿಸುವ ರೀತಿ. ವೋಟು ಹಾಕುವವರನ್ನು ವಯಸ್ಸಿನ ಪ್ರಕಾರ ಗುಂಪು ಮಾಡುತ್ತಾರೆ. 3ರಿಂದ 9 ವರ್ಷದ ಮಕ್ಕಳದೂ ಒಂದು ಗುಂಪು, 75 ದಾಟಿದವರದೂ ಒಂದು. ಎರಡಕ್ಕೂ ಒಂದೇ ತೂಕ. ಹಾಗಾಗಿ ಸೋಫಾದ ಮೇಲೆ ಅಜ್ಜಿ ಮೊಮ್ಮಗಳು ನಿಜವಾಗಿಯೂ ಜಗಳ ಆಡುತ್ತಾರೆ!

ಯೂರೋವಿಷನ್ ಶುರುವಾದದ್ದು 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ, 7 ದೇಶಗಳಿಂದ. ಸ್ವೀಡನ್ನಿಗೆ ಅದರ ಹುಚ್ಚು ಹತ್ತಿದ್ದರಲ್ಲಿ 1974ರ ಪಾಲು ದೊಡ್ಡದು. ಆ ವರ್ಷ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಸ್ವೀಡನ್ನಿನ ಅಬ್ಬಾ ತಂಡ ಗೆದ್ದಿತು. ಇಲ್ಲಿನ ಗಾಯಕಿ ಲೊರೀನ್ 2012ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಗೆದ್ದರು. ಈಗ ಸ್ವೀಡನ್ನಿಗೆ ಒಟ್ಟು 7 ಗೆಲುವು, ಐರ್ಲೆಂಡಿಗೆ ಸಮ.

ಆದರೆ ನಾನು ಇದನ್ನು ಪ್ರೀತಿಸುವುದು ಗೆಲುವಿಗಾಗಿ ಅಲ್ಲ. 2025ರಲ್ಲಿ ಏನಾಯಿತು ನೋಡಿ. ಹಿಂದೆ ಯೂರೋವಿಷನ್ ಗೆದ್ದಿದ್ದ ಮೋನ್ಸ್ ಸೆಲ್ಮರ್ಲೋವ್ ಮೆಲ್ಲೋಗೆ ಮತ್ತೆ ಬಂದಿದ್ದರು. ಅವರನ್ನು ಹಿಂದೆ ಹಾಕಿದ್ದು ಕಾಯ್ ಅನ್ನುವ ಮೂವರ ತಂಡ. ಅವರು ಫಿನ್‌ಲೆಂಡಿನ ವೋರೋ ಅನ್ನುವ, ಸ್ವೀಡಿಷ್ ಮಾತಾಡುವ ಸಣ್ಣ ಊರಿನವರು. ಹಾಡಿದ್ದು ಅಲ್ಲಿನ ಹಳ್ಳಿ ಸ್ವೀಡಿಷ್‌ನಲ್ಲಿ, ವಿಷಯ ಸೌನಾ, ಅಂದರೆ ಬಿಸಿ ಕೋಣೆಯಲ್ಲಿ ಕೂತು ಬೆವರುವ ಸ್ನಾನ! 1998ರ ನಂತರ ಸ್ವೀಡನ್ ಸ್ವೀಡಿಷ್ ಹಾಡು ಕಳಿಸಿದ್ದು ಅದೇ ಮೊದಲು. ಕುಂದಾಪುರದ ಕನ್ನಡದ ಹಾಡನ್ನು ಬೆಂಗಳೂರಿನವರು ತಲೆ ಮೇಲೆ ಹೊತ್ತು ಮೆರೆಸಿದ ಹಾಗಿತ್ತು. ಬಾಸೆಲ್‌ನಲ್ಲಿ ನಡೆದ ಆ ವರ್ಷದ ಯೂರೋವಿಷನ್‌ನಲ್ಲಿ ಅದಕ್ಕೆ 4ನೇ ಸ್ಥಾನ ಬಂತು. ಆ ವಸಂತದಲ್ಲಿ ಸ್ವೀಡಿಷ್ ಬರದ ನಮ್ಮ ಹುಡುಗರೂ ಅದನ್ನು ಗುನುಗುತ್ತಿದ್ದರು. 2017ರಲ್ಲಿ ಪೋರ್ಚುಗಲ್ಲಿನ ಸಲ್ವಾದೋರ್ ಸೋಬ್ರಾಲ್ ತಮ್ಮ ಭಾಷೆಯಲ್ಲೇ ಮೆಲ್ಲಗೆ ಹಾಡಿ ಗೆದ್ದದ್ದೂ ಹೀಗೇ. ಬೆಂಕಿಯಿಲ್ಲ, ಕುಣಿತವಿಲ್ಲ. ಪಕ್ಕದ ಮನೆಯವರು ಕೇಳಲಿ ಅಂತ ತನ್ನ ಮಾತಿನಲ್ಲೇ ಹಾಡುವುದು ಎಷ್ಟು ಚೆಂದ, ಅಲ್ವಾ?

ಮೇ ತಿಂಗಳ ಫೈನಲ್‌ನಲ್ಲಿ ಅಂಕ ಕೊಡುವ ಹೊತ್ತನ್ನು ಮಾತ್ರ ತಪ್ಪಿಸಬೇಡಿ. ಮೊದಲು ಪ್ರತಿ ದೇಶದ ತೀರ್ಪುಗಾರರ ಅಂಕ, ಅತಿ ಹೆಚ್ಚು ಅಂದರೆ 12. ಆಮೇಲೆ ಜನರ ವೋಟು ಬರುತ್ತದೆ, ಪಟ್ಟಿ ತಲೆಕೆಳಗಾಗುತ್ತದೆ. 2022ರಲ್ಲಿ ತೀರ್ಪುಗಾರರ ಲೆಕ್ಕದಲ್ಲಿ ಉಕ್ರೇನ್ 4ನೆಯದಾಗಿತ್ತು. ಜನರಿಂದ 439 ಅಂಕ ಬಂದು ಗೆದ್ದೇಬಿಟ್ಟಿತು. ಇರುವ ದೇಶಕ್ಕೇ ವೋಟು ಹಾಕುವ ಹಾಗಿಲ್ಲ. ಆದ್ದರಿಂದ ಇಲ್ಲಿ ಕೂತವರು ನಾರ್ವೆಗೋ ಇಟಲಿಗೋ ಹಾಕಬೇಕು, ಮನೆಯಲ್ಲೇ ಪಕ್ಷಗಳಾಗುತ್ತವೆ.

ರಾಜಕೀಯವೇ ಇಲ್ಲ ಅಂತ ಅಂದುಕೊಳ್ಳಬೇಡಿ. 2024ರಲ್ಲಿ ಯೂರೋವಿಷನ್ ಇಲ್ಲಿಯದೇ ಮಾಲ್ಮೋದಲ್ಲಿ ನಡೆದಾಗ, ಗಾಜಾ ಯುದ್ಧದ ನಡುವೆ ಇಸ್ರೇಲ್ ಭಾಗವಹಿಸಿದ್ದಕ್ಕೆ ಸಾವಿರಾರು ಜನ ಬೀದಿಗಿಳಿದರು. ಅದೇ ಕಾರಣಕ್ಕೆ ನೋಡುವುದನ್ನೇ ಬಿಟ್ಟವರು ಇದ್ದಾರೆ. ಆ ಮಾತು ಬಂದರೆ ಸಮಾಧಾನವಾಗಿ ಕೇಳಿಸಿಕೊಳ್ಳಿ.

ಇನ್ನು ಶನಿವಾರದ ವಿಷಯ. ಏಳು ಗಂಟೆ ಅಂದರೆ ಏಳಕ್ಕೇ ಬೆಲ್ ಒತ್ತಿ. ಶೂ ಬಾಗಿಲಲ್ಲೇ ಬಿಡಿ. ಒಂದು ಚಿಪ್ಸ್ ಪ್ಯಾಕೆಟ್ ಒಯ್ದರೆ ಸಾಕು. ನೀವು ಸಸ್ಯಾಹಾರಿಯಾದರೆ ಬಟ್ಟಲಲ್ಲಿಟ್ಟ ಮಿಠಾಯಿ ಬಗ್ಗೆ ಕೇಳಿ ತಿನ್ನಿ, ಇಲ್ಲಿ ಎಷ್ಟೋ ಮಿಠಾಯಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಜಿಲೆಟಿನ್ ಇರುತ್ತದೆ. ಹಾಡು ಅರ್ಥವಾಗದಿದ್ದರೂ ಪ್ರತಿ ಹಾಡಿಗೂ ನಿಮ್ಮ ಅಂಕ ಹೇಳಿ, ಯಾಕೆ ಅಂತಲೂ ಹೇಳಿ. ಆ ವಾದದಲ್ಲೇ ಪರಿಚಯ ಬೆಳೆಯುವುದು.

ಮೇ ಬಂದಾಗ ಅವರನ್ನು ನೀವೇ ಕರೆಯಿರಿ. ಫೈನಲ್ ರಾತ್ರಿ ಒಂಬತ್ತಕ್ಕೆ ಶುರುವಾಗಿ ಮುಗಿಯುವಾಗ ಒಂದರ ಹತ್ತಿರ ಆಗುತ್ತದೆ. ಚುರುಮುರಿ ಜಾಸ್ತಿ ಮಾಡಿಡಿ, ಖಾರ ಮಾತ್ರ ಕಡಿಮೆ ಹಾಕಿ.